ದೋಣಿಯಲ್ಲಿ ಉರಿದು ನೀರಿನಡಿ ಕೈಕೊಡುವ ಡೈವ್ ಟಾರ್ಚ್

ಸಮುದ್ರದಾಳಕ್ಕೆ ಮುಳುಗುವವರು ಒಯ್ಯುವ ಡೈವ್ ಟಾರ್ಚ್ ಮಿಣಿಮಿಣಿ ಎನ್ನತೊಡಗಿದರೆ ಹೆಚ್ಚಿನವರು ಮೊದಲು ಹೊಸ ಸೆಲ್ ತರುತ್ತಾರೆ. ಅದಕ್ಕೂ ಸರಿಹೋಗದಿದ್ದರೆ ಎಲ್‌ಇಡಿ ಹೋಯಿತು ಅಂದುಕೊಳ್ಳುತ್ತಾರೆ. ಎಲ್‌ಇಡಿ ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ. ಅಲ್ಯೂಮಿನಿಯಂ ಮೈಯ, ಒಂದು 18650 ಸೆಲ್ (ಚಾರ್ಜ್ ಮಾಡಬಲ್ಲ ಲಿಥಿಯಂ ಸೆಲ್) ಹಾಕುವ ಟಾರ್ಚುಗಳಲ್ಲಿ ನಾನು ಮೊದಲು ಅನುಮಾನಿಸುವುದು ಲೋಹಕ್ಕೆ ಲೋಹ ತಾಗುವ ಜಾಗಗಳನ್ನು.

ಕಾರಣ ಇಷ್ಟೇ. ಟಾರ್ಚ್ 2 ಆಂಪಿಯರ್ ಎಳೆಯುತ್ತಿದೆ, ಹಿಂದಿನ ಮುಚ್ಚಳದಲ್ಲಿ ಉಪ್ಪು ಕಟ್ಟಿ 0.1 ಓಮ್ ಅಡ್ಡಿಯಾಗಿದೆ ಅನ್ನಿ. ಅಲ್ಲೇ 0.2 ವೋಲ್ಟ್ ನಷ್ಟ. ಬಿಳಿ ಎಲ್‌ಇಡಿಗೆ ಸುಮಾರು 3 ವೋಲ್ಟ್ ಬೇಕು. ಅರ್ಧ ಖಾಲಿಯಾದ ಸೆಲ್ಲಿಗೆ ಆ ನಷ್ಟವೇ ಸಾಕು: ಒಳಗಿನ ಸರ್ಕ್ಯೂಟ್ ಬ್ಯಾಟರಿ ಮುಗಿಯಿತೆಂದು ತಿಳಿದು ಬೆಳಕು ಇಳಿಸುತ್ತದೆ, ಇಲ್ಲವೇ ಆರಿಸಿಬಿಡುತ್ತದೆ.

ಎಲ್ಲಿ ಕೈಕೊಡುತ್ತದೆ ಎಂಬುದೇ ಅರ್ಧ ಉತ್ತರ. 30 ಮೀಟರ್ ಆಳದಲ್ಲಿ ಮೇಲಿನದಕ್ಕಿಂತ 3 ಬಾರ್ ಹೆಚ್ಚು ಒತ್ತಡ. 30 ಮಿಲಿಮೀಟರ್ ವ್ಯಾಸದ ಮುಚ್ಚಳದ ಮೇಲೆ ಅದು 21 ಕಿಲೋ ಭಾರ ಹೇರಿದಂತೆ. ಹೀಗಾಗಿ ದೋಣಿಯಲ್ಲಿ ಮಿನುಗಿ ಆಳಕ್ಕೆ ಹೋದಮೇಲೆ ಗಟ್ಟಿಯಾಗಿ ಉರಿದರೆ ಸಡಿಲ ಸಂಪರ್ಕ ಅಂತಲೇ ಹಿಡಿಯಬಹುದು. ತಿರುಗಿಸಿ ಹೊತ್ತಿಸುವ ಮಾದರಿ ಆಳದಲ್ಲಿ ತಾನಾಗಿ ಹೊತ್ತಿಕೊಂಡರೂ ಕಾರಣ ಇದೇ ಒತ್ತಡ. ಅಂಥದ್ದನ್ನು ಇಳಿಯುವ ಮುಂಚೆ ಇನ್ನೂ ಅರ್ಧ ಸುತ್ತು ಸಡಿಲಿಸಿಡಬೇಕು, ಆದರೆ ಓ-ರಿಂಗ್ (ನೀರು ತಡೆಯುವ ರಬ್ಬರ್ ಬಳೆ) ಕಣ್ಣಿಗೆ ಬೀಳುವಷ್ಟು ಅಲ್ಲ. ಮೇಲೆ ಚೆನ್ನಾಗಿದ್ದು ಕೆಳಗೆ ಸತ್ತರೆ ನೀರು ನುಗ್ಗಿದೆಯೇ ನೋಡಿ.

ಪರೀಕ್ಷೆಗೆ ಮನೆ ವೈರಿಂಗಿನ 1.5 ಸ್ಕ್ವೇರ್ ಎಂಎಂ ತಾಮ್ರದ ತಂತಿಯ ತುಂಡು ಸಾಕು. ಹಿಂದಿನ ಮುಚ್ಚಳ ಬಿಚ್ಚಿ, ಸೆಲ್ಲಿನ ಮೈನಸ್ ತುದಿಯಿಂದ ಕೊಳವೆಯ ಬಣ್ಣವಿಲ್ಲದ ಅಂಚಿಗೆ ತಂತಿ ಒತ್ತಿಹಿಡಿಯಿರಿ. ಸ್ವಿಚ್ ತಲೆಯ ಕಡೆ, ಅಂದರೆ ಬೆಳಕು ಬರುವ ತುದಿಯಲ್ಲಿ, ಇದ್ದರೆ ಮೊದಲು ಅದನ್ನು ಆನ್ ಮಾಡಿ. ಬೆಳಕು ಅಲುಗದೆ ನಿಂತರೆ ದೋಷ ಮುಚ್ಚಳದ್ದು. ಆಗಲೂ ಮಿನುಗಿದರೆ ತಲೆಯ ಕಡೆ ಅಥವಾ ಸೆಲ್ಲಿನ ಕಡೆ ಹುಡುಕಬೇಕು. ಒಂದು ನಿಮಿಷಕ್ಕಿಂತ ಹೆಚ್ಚು ಉರಿಸಬೇಡಿ. ಸುತ್ತಲಿನ ನೀರಿನಿಂದ ತಣಿಯುವ ಟಾರ್ಚ್ ಇದು, ಗಾಳಿಯಲ್ಲಿ ಬೇಗ ಕಾಯುತ್ತದೆ.

ಶುಚಿಗೊಳಿಸಲು ಐಸೊಪ್ರೊಪೈಲ್ ಆಲ್ಕೋಹಾಲ್, ಇಯರ್ ಬಡ್, ಪೆನ್ಸಿಲ್ ಅಳಿಸುವ ರಬ್ಬರ್. ಕೊಳವೆಯ ಅಂಚು, ಮುಚ್ಚಳದೊಳಗಿನ ತಟ್ಟೆ, ಸ್ಪ್ರಿಂಗಿನ ತುದಿ ಹೊಳೆಯುವವರೆಗೆ ಉಜ್ಜಿ. ಮರಳು ಕಾಗದವನ್ನು ಮುಚ್ಚಳ ತಿರುಗಿಸುವ ತಿರುಪಿನ ಸುತ್ತುಗಳಿಗೆ ತಾಗಿಸಲೇಬೇಡಿ, ಲೋಹವನ್ನು ಕಾಯುವ ಆನೋಡೈಸ್ ಪದರ ಹೋದರೆ ಸಮುದ್ರದ ನೀರಿಗೆ ಅಲ್ಯೂಮಿನಿಯಂ ತಡೆಯುವುದಿಲ್ಲ. ಓ-ರಿಂಗಿಗೆ ಹಚ್ಚಿದ ಗ್ರೀಸ್ ಈ ಅಂಚಿಗೆ ಹರಿದು ಕರೆಂಟ್ ತಡೆಯುವುದೂ ಉಂಟು. ಎಷ್ಟೋ ಟಾರ್ಚುಗಳ ರೋಗ ಅಷ್ಟೇ.

ಸೆಲ್ ತುಂಬಿದಾಗ 4.2 ವೋಲ್ಟ್ ಇರಬೇಕು. ಸುಮ್ಮನಿದ್ದಾಗ ಸರಿಯಾಗಿ ತೋರಿಸಿ, ಉರಿಸಿದೊಡನೆ ಕುಸಿಯುವ ಸೆಲ್ ಮುದಿಯಾಗಿದೆ. ಉದ್ದವನ್ನೂ ಅಳೆಯಿರಿ: ಬರಿಯ 18650 ಸೆಲ್ 65 ಮಿಲಿಮೀಟರ್, ರಕ್ಷಣಾ ಸರ್ಕ್ಯೂಟ್ ಇರುವುದು 68ರಿಂದ 70. ಉದ್ದದ್ದಕ್ಕೆಂದು ಮಾಡಿದ ಟಾರ್ಚಿಗೆ ಗಿಡ್ಡದ್ದು ಹಾಕಿದರೆ ದೋಣಿ ಕುಲುಕಿದಾಗಲೆಲ್ಲ ಸಂಪರ್ಕ ತಪ್ಪುತ್ತದೆ.

ಹಿಂದೆಮುಂದೆ ಜಾರಿಸುವ ಮ್ಯಾಗ್ನೆಟ್ ಸ್ವಿಚ್ ಗುಂಡಿ ಇದ್ದರೆ ಅದು ಜಾರುವ ತೋಡಿನಲ್ಲಿ ಮರಳು ಸೇರಿರುತ್ತದೆ. ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪಕ್ಕೆ ಡೈವಿಗೆ ಹೋಗಿಬಂದ ಸಂಜೆಯೇ ಸಿಹಿನೀರಲ್ಲಿ ಅರ್ಧ ಗಂಟೆ ನೆನೆಹಾಕಿ, ಗುಂಡಿಯನ್ನು ಹತ್ತಾರು ಸಲ ಹಿಂದೆಮುಂದೆ ಆಡಿಸಿ. ಉಪ್ಪು ಒಣಗಿದ ಮೇಲೆ ಬಿಡಿಸುವುದು ಕಷ್ಟ.

ನೀರು ಒಳಗಿದ್ದರೆ ಮುಖದಿಂದ ದೂರ ಹಿಡಿದು ಮೆಲ್ಲಗೆ ಬಿಚ್ಚಿ, ಒಳಗೆ ಅನಿಲ ಒತ್ತಡ ಕಟ್ಟಿರಬಹುದು. ಉಪ್ಪುನೀರಲ್ಲಿ ನೆನೆದ ಲಿಥಿಯಂ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬೇಡಿ.

ಓ-ರಿಂಗನ್ನು ಪ್ಲಾಸ್ಟಿಕ್ ಕಾರ್ಡಿನ ಮೂಲೆಯಿಂದ ಎಬ್ಬಿಸಿ. ಪಿನ್ನು ತಾಗಿದರೆ ಗೀರು ಬೀಳುತ್ತದೆ. ಎರಡಿದ್ದರೆ ಎರಡನ್ನೂ ಬದಲಿಸಿ. ನೈಟ್ರೈಲ್ ಎಂಬ ರಬ್ಬರಿನ ರಿಂಗಿಗೆ ಸಿಲಿಕೋನ್ ಗ್ರೀಸ್ ಹೊಂದುತ್ತದೆ, ಸಿಲಿಕೋನ್ ರಿಂಗಿಗೆ ಅದೇ ಗ್ರೀಸ್ ಹಚ್ಚಿದರೆ ಉಬ್ಬುತ್ತದೆ. ಗ್ರೀಸ್ ರಿಂಗಿನ ಮೈ ಮಿರುಗುವಷ್ಟೇ ಸಾಕು, ಹೆಚ್ಚಾದರೆ ಮರಳು ಅಂಟುತ್ತದೆ.

ಕೊನೆಗೆ ಸೆಲ್ ತೆಗೆದು, ಒಳಗೊಂದು ಟಿಶ್ಯೂ ಸುರುಳಿ ಇಟ್ಟು ಮುಚ್ಚಿ, ಮುಂದಿನ ಡೈವಿನಲ್ಲಿ ಜೇಬಿನಲ್ಲಿ ಒಯ್ಯಿರಿ. ಬಕೆಟ್ಟಿನಲ್ಲಿ ಕಾಣದ ಸೋರಿಕೆ 18 ಮೀಟರಿನಲ್ಲಿ ಕಾಣಿಸಿಕೊಳ್ಳಬಹುದು. ಮೇಲೆ ಬಂದು ಹೊರಗೆ ಚೆನ್ನಾಗಿ ಒರೆಸಿ ಬಿಚ್ಚಿ ನೋಡಿ. ಟಿಶ್ಯೂ ಒಣಗಿಯೇ ಇದ್ದರೆ ಸೆಲ್ ಹಾಕಬಹುದು.