ಸೀಡ್ ಮನಿ ಅರ್ಜಿಯಲ್ಲಿ ಕಲಾವಿದರ ಸಂಭಾವನೆ ಬಿಡಬೇಡಿ

ನಾನು ಒಂದು ವಿಶ್ವವಿದ್ಯಾಲಯದ ಸಂಶೋಧನಾ ವಿಭಾಗದ ಕಚೇರಿಯಲ್ಲಿ ಕೆಲಸ ಮಾಡುತ್ತೇನೆ. ವಿಶ್ವವಿದ್ಯಾಲಯ ತನ್ನ ದುಡ್ಡಿನಿಂದಲೇ ಅಧ್ಯಾಪಕರಿಗೆ ಕೊಡುವ ಸಣ್ಣ ಅನುದಾನ ಇದೆಯಲ್ಲ, ಸೀಡ್ ಮನಿ, ಅದರ ಫೈಲುಗಳು ನನ್ನ ಟೇಬಲ್ ದಾಟಿಯೇ ಹೋಗಬೇಕು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್‌ನವರು ಇದರ ಲೆಕ್ಕ ಕೇಳುತ್ತಾರೆ. ಹಾಗಾಗಿ ಈಗ ತುಂಬಾ ಕಡೆ ಇಂಥ ಯೋಜನೆ ಇದೆ.

ವಿಜ್ಞಾನದವರಿಗೆ ಈ ಅರ್ಜಿ ಬರೆದು ರೂಢಿ. ಜಾನಪದ, ಸಂಗೀತ, ನಾಟಕದವರು ಅದೇ ನಮೂನೆ ತುಂಬುವಾಗ ಕಷ್ಟಪಡುತ್ತಾರೆ. ಯಾಕೆಂದರೆ ಅದನ್ನು ಮಾಡಿರುವುದೇ ಲ್ಯಾಬ್ ಮನಸ್ಸಲ್ಲಿಟ್ಟುಕೊಂಡು: ಉಪಕರಣ, ಕೆಮಿಕಲ್, ಪ್ರಯಾಣ, ಇತರೆ.

ತೊಗಲು ಗೊಂಬೆಯಾಟ ದಾಖಲಿಸುವ ಅರ್ಜಿಯೊಂದು ಬಂದಿತ್ತು. ಕ್ಯಾಮೆರಾ, ಮೈಕು, ಹಾರ್ಡ್ ಡಿಸ್ಕ್, ಬಾಡಿಗೆ ಕಾರು, ಎಲ್ಲಾ ಇತ್ತು. ರಾತ್ರಿಯಿಡೀ ಪರದೆ ಹಿಂದೆ ಕೂತು ಗೊಂಬೆ ಆಡಿಸುವವರಿಗೆ, ಹಾಡುವ ಹೆಂಗಸರಿಗೆ, ಮುಖವೀಣೆ ಊದುವವರಿಗೆ ಒಂದು ರೂಪಾಯಿಯೂ ಇರಲಿಲ್ಲ. ಕೇಳಿದರೆ, ‘ಇತರೆಯಲ್ಲಿ ಕೊಡೋಣ ಅಂದುಕೊಂಡಿದ್ದೆವು’ ಎಂದರು. ಅದು ಆಗುವ ಮಾತಲ್ಲ. ಮಂಜೂರಾದ ಮೇಲೆ ಒಂದು ಹೆಡ್‌ನ, ಅಂದರೆ ಒಂದು ಖರ್ಚಿನ ಬಾಬ್ತಿನ, ದುಡ್ಡು ಇನ್ನೊಂದಕ್ಕೆ ಹಾಕಬೇಕಾದರೆ ಅನುಮತಿ ಬೇಕು, ಫೈಲು ಹಣಕಾಸು ವಿಭಾಗಕ್ಕೆ ಹೋಗಿ, ಆಕ್ಷೇಪಣೆ ಬಿದ್ದು, ತಿರುಗಿ ಬರುವಷ್ಟರಲ್ಲಿ ಮಾರ್ಚ್ 31 ಬಂದು ಲೆಕ್ಕದ ವರ್ಷವೇ ಮುಗಿದುಬಿಡುತ್ತದೆ. ಆಮೇಲೆ ಒಂದೋ ಅಧ್ಯಾಪಕರು ಕೈಯಿಂದ ಕೊಡಬೇಕು, ಇಲ್ಲ ಕಲಾವಿದರು ಶಾಲು ಹೊದ್ದುಕೊಂಡು ಬರಿಗೈಯಲ್ಲಿ ಊರಿಗೆ ಹೋಗಬೇಕು. ಇದು ನನಗೆ ನಿಜವಾಗಿಯೂ ಸಂಕಟದ ವಿಷಯ. ಅವರಿಲ್ಲದೆ ಆ ಸಂಶೋಧನೆಯೇ ಇಲ್ಲ, ಅಲ್ವಾ?

ಅರ್ಜಿ ವಾಪಸ್ ಕೊಟ್ಟು ತಿದ್ದಿಸಿದೆವು. ಕ್ಯಾಮೆರಾ ಪತ್ರಿಕೋದ್ಯಮ ವಿಭಾಗದಲ್ಲೇ ಇತ್ತು, ಖರೀದಿ ತೆಗೆದುಹಾಕಿದರು. ಅದರ ಜೊತೆ ಕೊಟೇಶನ್ ತರುವ ಓಡಾಟವೂ ಹೋಯಿತು. ಉಳಿದ ದುಡ್ಡು ಸಂಭಾವನೆಗೆ ಬಂತು.

ಸಂಭಾವನೆಯ ವೋಚರನ್ನು ಮೇಳದ ಯಜಮಾನರೊಬ್ಬರ ಹೆಸರಲ್ಲೇ ಮಾಡಬೇಡಿ. ಒಬ್ಬೊಬ್ಬರಿಗೂ ಬೇರೆ ಬೇರೆ ಮಾಡಿ: ಹೆಸರು, ಊರು, ಮಾಡಿದ ಕೆಲಸ, ದಿನಾಂಕ, ಪಾಸ್‌ಬುಕ್ಕಿನ ಮೊದಲ ಪುಟದ ಜೆರಾಕ್ಸ್. ಮೊತ್ತ 5,000 ರೂಪಾಯಿ ದಾಟಿದರೆ 1 ರೂಪಾಯಿಯ ರೆವಿನ್ಯೂ ಸ್ಟಾಂಪ್ ಅಂಟಿಸಿ ಅದರ ಮೇಲೆ ಸಹಿ, ಸಹಿ ಬರದವರಿದ್ದರೆ ಹೆಬ್ಬೆಟ್ಟು. ಕೆಲಸ ಜಾಸ್ತಿ, ಒಪ್ಪುತ್ತೇನೆ. ಆದರೆ ಒಂದೇ ವೋಚರ್ ಮಾಡಿದರೆ ಹಾಡಿದ ಹೆಂಗಸರ ಹೆಸರು ಯಾವ ಕಾಗದದಲ್ಲೂ ಉಳಿಯುವುದಿಲ್ಲ, ದುಡ್ಡು ಅವರ ಕೈಗೆ ಸೇರಿತೋ ಇಲ್ಲವೋ ನಮಗೂ ಗೊತ್ತಾಗುವುದಿಲ್ಲ.

ಬೋಧನೆಯ ಅರ್ಜಿಗಳಲ್ಲೂ ಇದೇ ಕಥೆ. ಪ್ರೊಜೆಕ್ಟರ್ ಕೇಳುತ್ತಾರೆ, ತರಗತಿಗೆ ಬಂದು ಕಲಿಸುವ ನೇಕಾರರಿಗೋ ಕುಂಬಾರರಿಗೋ ಬಸ್ ಚಾರ್ಜೂ ಬರೆದಿರುವುದಿಲ್ಲ.

ನಮ್ಮ ನಮೂನೆಯಲ್ಲಿ ಈಗ ಸಂಭಾವನೆಗೆ ಬೇರೆ ಸಾಲು ಇದೆ. ನಿಮ್ಮಲ್ಲಿ ಇಲ್ಲದಿದ್ದರೆ ‘ಇತರೆ’ಯ ಮೇಲೆ ಒಂದು ಸಾಲು ನೀವೇ ಸೇರಿಸಿ, ಎಷ್ಟು ಜನ, ತಲಾ ಎಷ್ಟು ಎಂದು ಬಿಡಿಸಿ ಬರೆಯಿರಿ. ಸಮಿತಿಯಲ್ಲಿ ಯಾರಾದರೂ ಕೇಳಿದರೆ ಉತ್ತರ ಅಲ್ಲೇ ಇರುತ್ತದೆ.