ಕಲ್ಲು ಜಾರಿಸುವವರ ನಾಡಿನಲ್ಲಿ ಆರು ದಿನ

"ಈ ಚಳೀಲಿ ಯಾಕಣ್ಣ ಬಂದೆ, ಜುಲೈಲಿ ಬರಬಾರದಿತ್ತಾ?" ಕೆನಡಾದ ಸಸ್ಕಟೂನ್ ಏರ್‌ಪೋರ್ಟಿನಲ್ಲಿ ತಂಗಿಯ ಮೊದಲ ಮಾತು ಇದು. ಜುಲೈನಲ್ಲಿ ಬಂದಿದ್ದರೆ ನಾನು ನೋಡಬೇಕೆಂದಿದ್ದು ಸಿಗುತ್ತಿರಲಿಲ್ಲ. ಕರ್ಲಿಂಗ್, ಅಂದರೆ ಐಸ್ ಮೇಲೆ ಕಲ್ಲು ಜಾರಿಸುವ ಆಟದ ಕ್ಲಬ್ಬುಗಳಲ್ಲಿ ಐಸ್ ಹಾಕುವುದು ಸುಮಾರು ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಬೇಸಿಗೆಯಲ್ಲಿ ಹೋದರೆ ಹೆಚ್ಚಿನ ಕಡೆ ಬರೀ ಸಿಮೆಂಟ್ ನೆಲ ನೋಡಿ ಬರಬೇಕು. ಹಾಗಾಗಿ ಚಳಿಗೆ ಹೆದರಿ ಪ್ಲಾನ್ ಮುಂದೆ ಹಾಕಬೇಡಿ.

ಆಟ ಗೊತ್ತಿಲ್ಲದವರಿಗೆ ಒಂದೆರಡು ಮಾತು. ನಮ್ಮ ಬೀಸುವ ಕಲ್ಲಿಗೆ ಮೇಲೊಂದು ಹಿಡಿ ಇಟ್ಟ ಹಾಗಿರುತ್ತೆ ಕರ್ಲಿಂಗ್ ಕಲ್ಲು. ತೂಕ ಹೆಚ್ಚುಕಡಿಮೆ 20 ಕಿಲೋ. ಒಲಿಂಪಿಕ್ಸ್ ಕಲ್ಲುಗಳು ಸ್ಕಾಟ್ಲೆಂಡಿನ ಐಲ್ಸಾ ಕ್ರೇಗ್ ದ್ವೀಪದ ಗ್ರಾನೈಟ್. ಅದನ್ನು ಐಸ್ ಮೇಲೆ ಜಾರಿಸಿ ದೂರದ ವೃತ್ತದೊಳಗೆ ನಿಲ್ಲಿಸಬೇಕು. ಮುಂದೆ ಇಬ್ಬರು ಬ್ರಷ್ ಹಿಡಿದು ಉಜ್ಜುತ್ತಾ ಓಡುತ್ತಾರೆ. ಟಿವಿಯಲ್ಲಿ ನೋಡಿ ನಕ್ಕಿದ್ದೆ. ಹತ್ತಿರದಿಂದ ನೋಡಿದಾಗ ಗೊತ್ತಾಯಿತು, ಆ ಐಸ್ ನುಣುಪಾಗಿಲ್ಲ. ಆಟಕ್ಕೆ ಮುಂಚೆ ಒಬ್ಬರು ಬೆನ್ನಿಗೆ ನೀರಿನ ಕ್ಯಾನ್ ಕಟ್ಟಿಕೊಂಡು, ತೋಟಕ್ಕೆ ಔಷಧಿ ಹೊಡೆಯುವವರ ಹಾಗೆ ಹನಿ ಚಿಮುಕಿಸುತ್ತಾ ಹೋಗುತ್ತಾರೆ. ಹನಿಗಳು ಹೆಪ್ಪುಗಟ್ಟಿ ಸಣ್ಣ ಗುಳ್ಳೆಗಳಾಗುತ್ತವೆ. ಕಲ್ಲು ಜಾರುವುದು ಆ ಗುಳ್ಳೆಗಳ ಮೇಲೆ.

ಈಗ ಪ್ರವಾಸದ ವಿಷಯ. ಕೆನಡಾದ ಕರ್ಲಿಂಗ್ ಹಾಲ್ ಆಫ್ ಫೇಮ್, ಅಂದರೆ ಸಾಧಕರ ಗೌರವ ಪಟ್ಟಿ, ಶುರುವಾಗಿದ್ದು 1973ರಲ್ಲಿ. ಆಟಗಾರರಿಗಷ್ಟೇ ಅಲ್ಲ, ಆಟ ಬೆಳೆಸಿದವರಿಗೂ ಅಲ್ಲಿ ಜಾಗ ಇದೆ. ಅವರನ್ನು 'ಬಿಲ್ಡರ್' ಅಂತ ಕರೆಯುತ್ತಾರೆ. ಈ ಹೆಸರು ನನಗೆ ಬಹಳ ಹಿಡಿಸಿತು. ಆಟದ ರಾಷ್ಟ್ರೀಯ ಸಂಸ್ಥೆ 'ಕರ್ಲಿಂಗ್ ಕೆನಡಾ'ದ ವೆಬ್‌ಸೈಟಿನಲ್ಲಿ ಹೆಸರುಗಳೆಲ್ಲ ಸಿಗುತ್ತವೆ. ಹೊರಡುವ ಮುಂಚೆ ಒಂದು ಸಂಜೆ ಕೂತು ಓದಿ. ನಾನು ಆ ಪಟ್ಟಿಯಿಂದ ಎರಡೇ ತಂಡ ಆರಿಸಿಕೊಂಡೆ. ಎರಡೂ ಸಸ್ಕ್ಯಾಚೆವಾನ್ ಪ್ರಾಂತ್ಯದವು. ಅಲ್ಲಿ ಕರ್ಲಿಂಗ್ ಅಧಿಕೃತ ಪ್ರಾಂತೀಯ ಕ್ರೀಡೆ.

ಒಂದು, ರಿಚರ್ಡ್‌ಸನ್ ತಂಡ. ಅರ್ನಿ ಮತ್ತು ಸ್ಯಾಮ್ ಅಣ್ಣತಮ್ಮಂದಿರು, ಜೊತೆಗೆ ದಾಯಾದಿಗಳಾದ ಆರ್ನಾಲ್ಡ್, ವೆಸ್. ದಾಯಾದಿಗಳು ಸೇರಿ 1959, 1960, 1962ರಲ್ಲಿ ಬ್ರಾಯರ್, ಅಂದರೆ ರಾಷ್ಟ್ರೀಯ ಪುರುಷರ ಪಂದ್ಯಾವಳಿ, ಗೆದ್ದರು! 1963ರಲ್ಲಿ ವೆಸ್ ಬದಲು ಮೆಲ್ ಪೆರ್ರಿ ಬಂದರು, ಆಗಲೂ ಗೆದ್ದರು.

ಇನ್ನೊಂದು, ಸಾಂಡ್ರಾ ಶ್ಮಿರ್ಲರ್ ತಂಡ. ನಾನು ಹೋಗಿದ್ದೇ ಹೆಚ್ಚಾಗಿ ಇವರಿಗಾಗಿ. 1997ರ ಒಲಿಂಪಿಕ್ ಆಯ್ಕೆಯ ಫೈನಲ್‌ನಲ್ಲಿ ಸಾಂಡ್ರಾ ಹೊಡೆದ ಒಂದು ಕಲ್ಲಿನ ವಿಡಿಯೋ ಸಿಗುತ್ತೆ, ನೋಡಿ. ಕೇರಂನಲ್ಲಿ ಸ್ಟ್ರೈಕರ್ ಬದಿಯ ಕಾಯಿಗೆ ತಾಗಿ ತಿರುಗಿ ಇನ್ನೊಂದನ್ನು ಹೊಡೆಯುತ್ತಲ್ಲ, ಹಾಗೆ. 20 ಕಿಲೋ ಕಲ್ಲಿನಲ್ಲಿ! 1998ರಲ್ಲಿ ಜಪಾನಿನ ನಾಗಾನೊ ಒಲಿಂಪಿಕ್ಸ್‌ನಲ್ಲಿ ಚಿನ್ನ ಬಂತು. 2000ದ ಮಾರ್ಚ್‌ನಲ್ಲಿ, 36ನೇ ವಯಸ್ಸಿಗೆ, ಕ್ಯಾನ್ಸರ್‌ನಿಂದ ತೀರಿಕೊಂಡರು.

ಸಾಂಡ್ರಾ ಬೆಳೆದ ಊರು ಬಿಗ್ಗರ್. ಸಸ್ಕಟೂನಿನಿಂದ ಪಶ್ಚಿಮಕ್ಕೆ ಹೈವೇ 14ರಲ್ಲಿ ಸುಮಾರು ಒಂದು ಗಂಟೆ. ಊರಿನ ಬೋರ್ಡ್ ನೋಡಿ ತಂಗಿಯ ಮಗ ಬಿದ್ದು ಬಿದ್ದು ನಕ್ಕ: "ನ್ಯೂಯಾರ್ಕ್ ಈಸ್ ಬಿಗ್, ಬಟ್ ದಿಸ್ ಈಸ್ ಬಿಗ್ಗರ್." ಊರಿನ ಜನಸಂಖ್ಯೆ ಎರಡು ಸಾವಿರದ ಆಸುಪಾಸು. ಅಲ್ಲಿ ಸಾಂಡ್ರಾ ಹೆಸರಿನ ಒಲಿಂಪಿಕ್ ಗೋಲ್ಡ್ ಪಾರ್ಕ್ ಇದೆ. ನಾವು ಹೋದಾಗ ಮೊಣಕಾಲುದ್ದ ಹಿಮ. ಪಾರ್ಕ್ ಒಂದನ್ನೇ ನೋಡಬೇಕಾದರೆ ಬೇಸಿಗೆಯೇ ವಾಸಿ, ಒಪ್ಪುತ್ತೇನೆ.

ರಿಜೈನಾ ಸಸ್ಕಟೂನಿನಿಂದ 260 ಕಿ.ಮೀ. ರಸ್ತೆ ನೇರ, ನೋಡೋಕೆ ಬಿಳಿ ಬಿಟ್ಟರೆ ಏನೂ ಇಲ್ಲ. ವಿಕ್ಟೋರಿಯಾ ಅವೆನ್ಯೂನಲ್ಲಿ ಸಸ್ಕ್ಯಾಚೆವಾನ್ ಸ್ಪೋರ್ಟ್ಸ್ ಹಾಲ್ ಆಫ್ ಫೇಮ್ ಇದೆ. ಎಲ್ಲ ಆಟಗಳೂ ಸೇರಿದ ಮ್ಯೂಸಿಯಂ ಅದು, ನಮ್ಮ ಎರಡೂ ತಂಡಗಳು ಅಲ್ಲೂ ಇವೆ. ತೆರೆಯುವ ದಿನ, ಸಮಯ ಫೋನ್ ಮಾಡಿ ಕೇಳಿಕೊಂಡೇ ಹೋಗಿ. ಅದೇ ಊರಿನಲ್ಲಿ ಸಾಂಡ್ರಾ ಶ್ಮಿರ್ಲರ್ ಲೀಶರ್ ಸೆಂಟರ್ ಇದೆ. ಸಾಂಡ್ರಾ ಕೆಲಸ ಮಾಡುತ್ತಿದ್ದದ್ದು ಅಲ್ಲೇ. ವಿಶ್ವ ಚಾಂಪಿಯನ್ ಆದವರು ದಿನಾ ಡ್ಯೂಟಿಗೆ ಹೋಗುತ್ತಿದ್ದ ಈಜುಕೊಳದ ಕಟ್ಟಡ! ನಾನು ಮ್ಯೂಸಿಯಂಗಿಂತ ಅಲ್ಲಿ ನಿಂತಿದ್ದೇ ಜಾಸ್ತಿ ಹೊತ್ತು.

ಕಾರು ಬೇಕೇ ಬೇಕು. ಪ್ರಾಂತ್ಯದ ಸರ್ಕಾರಿ ಬಸ್ ಸೇವೆ 2017ರಲ್ಲೇ ನಿಂತಿದೆ, ಸಣ್ಣ ಊರಿಗೆ ಬಸ್ ನಂಬಿಕೊಂಡು ಹೊರಡಬೇಡಿ. ವಿಂಟರ್ ಟೈರ್ ಇದೆಯಾ ಅಂತ ಕೇಳಿ ಬಾಡಿಗೆಗೆ ತಗೊಳ್ಳಿ. ರಾತ್ರಿ ಎಂಜಿನ್ ಬೆಚ್ಚಗಿಡಲು ಕಾರಿಗೆ ಪ್ಲಗ್ ಹಾಕಬೇಕು, ಫೋನ್ ಚಾರ್ಜ್ ಮಾಡಿದ ಹಾಗೆ. ನಾವೊಂದು ರಾತ್ರಿ ಮರೆತೆವು, ಬೆಳಗ್ಗೆ ಕಾರು ಸ್ಟಾರ್ಟೇ ಆಗಲಿಲ್ಲ. ಅರ್ಧ ದಿನ ಹೋಯಿತು. ಫೋನ್ ಒಳಜೇಬಿನಲ್ಲಿಡಿ, ಹೊರಗೆ ತೆಗೆದರೆ ಬ್ಯಾಟರಿ ನೋಡನೋಡುತ್ತಾ ಇಳಿಯುತ್ತೆ.

ಕ್ಲಬ್ಬಿನಲ್ಲಿ ಗಾಜಿನ ಹಿಂದೆ ಕೂತು ನೋಡಲು ದುಡ್ಡು ಕೊಡಬೇಕಾಗಿಲ್ಲ. ಆದರೆ ಒಮ್ಮೆ ಆಡಿ ನೋಡಿ. ಹೊಸಬರಿಗೆ ಕಲಿಸುವ ತರಗತಿಗಳಿರುತ್ತವೆ. ಜೀನ್ಸ್ ಬೇಡ, ಬಗ್ಗೋಕೆ ಆಗಲ್ಲ. ರಸ್ತೆಯಲ್ಲಿ ಹಾಕಿದ ಶೂ ಐಸ್ ಮೇಲೆ ಹಾಕುವಂತಿಲ್ಲ, ಚೀಲದಲ್ಲಿ ಬೇರೆ ಸ್ವಚ್ಛ ಶೂ ಇರಲಿ. ಬಲಗೈಯಲ್ಲಿ ಆಡುವವರಿಗೆ ಎಡಗಾಲಿನ ಶೂಗೆ ನುಣುಪಾದ ಸ್ಲೈಡರ್ ಕಟ್ಟುತ್ತಾರೆ. ಅದನ್ನು ಮರೆತು ಎದ್ದು ನಡೆದೆ ನೋಡಿ, ಸೀದಾ ಅಂಗಾತ! ಹೆಲ್ಮೆಟ್ ಇದ್ದಿದ್ದಕ್ಕೆ ಬಚಾವಾದೆ.

ಆಟದ ಶುರುವಿಗೆ ಎಲ್ಲರೂ ಕೈಕುಲುಕಿ "ಗುಡ್ ಕರ್ಲಿಂಗ್" ಅನ್ನಬೇಕು. ಮುಗಿದ ಮೇಲೂ ಕೈಕುಲುಕಿ ಎದುರಾಳಿಗಳ ಜೊತೆ ಒಂದೇ ಮೇಜಿಗೆ ಕೂರಬೇಕು, ತಪ್ಪಿಸಿಕೊಂಡು ಹೋಗುವುದು ಚೆನ್ನಾಗಿರಲ್ಲ. ಮೊದಲ ಸುತ್ತು ಕುಡಿಯಲು ಕೊಡಿಸುವುದು ಗೆದ್ದವರು. ನಾವು ಒಂದೂ ಪಾಯಿಂಟ್ ಇಲ್ಲದೆ ಸೋತಿದ್ದೆವು. ಎಪ್ಪತ್ತು ದಾಟಿದ ಎದುರು ತಂಡದ ಅಜ್ಜ ನನಗೆ ಬಿಯರ್, ತಂಗಿ ಮಗನಿಗೆ ಹಾಟ್ ಚಾಕಲೇಟ್ ತಂದಿಟ್ಟರು. ಆಮೇಲೆ ಮೇಜಿನ ಮೇಲಿದ್ದ ಉಪ್ಪು ಮೆಣಸಿನ ಡಬ್ಬಿಗಳನ್ನೇ ಕಲ್ಲು ಮಾಡಿಕೊಂಡು, ನಾನು ಎಲ್ಲೆಲ್ಲಿ ತಪ್ಪಿದೆ ಅಂತ ಅರ್ಧ ಗಂಟೆ ತೋರಿಸಿದರು.