ಸಂಬಳದ ಚೀಟಿಯಲ್ಲಿ ಚರ್ಚು

ಹಾಸನದ ನಮ್ಮ ಕಾಲೇಜಿನಲ್ಲಿ ಯಾವ ಅರ್ಜಿ ತಗೊಂಡರೂ ಧರ್ಮದ ಕಾಲಂ ಇರುತ್ತಿತ್ತು. ನಾನು ‘ಕ್ರೈಸ್ತ’ ಅಂತ ತುಂಬುತ್ತಿದ್ದೆ, ಗುಮಾಸ್ತರು ಸೀಲು ಹೊಡೆಯುತ್ತಿದ್ದರು, ಅಲ್ಲಿಗೆ ಮುಗೀತು. ಆ ಕಾಲಂಗೆ ದುಡ್ಡೂ ಕಟ್ಟಬೇಕಾಗುತ್ತೆ ಅಂತ ತಿಳಿದದ್ದು ಜರ್ಮನಿಗೆ ಬಂದ ಮೇಲೆ.

ಇಲ್ಲಿ ಸ್ಟಟ್‌ಗಾರ್ಟ್‌ನಲ್ಲಿ ಮನೆ ವಿಳಾಸ ನೋಂದಾಯಿಸುವಾಗಲೇ ಧರ್ಮ ಕೇಳುತ್ತಾರೆ. ಕ್ಯಾಥೊಲಿಕ್ ಅಂದರೆ ಆದಾಯ ತೆರಿಗೆಯ ಶೇ. 8ರಷ್ಟು ಚರ್ಚ್ ತೆರಿಗೆ ಅಂತ ಸಂಬಳದಲ್ಲೇ ಮುರಿದುಕೊಳ್ಳುತ್ತಾರೆ. ಬವೇರಿಯಾದಲ್ಲೂ ಅಷ್ಟೇ, ಉಳಿದ ರಾಜ್ಯಗಳಲ್ಲಿ ಶೇ. 9. ಬೇಡ ಅನ್ನುವವರು ಸರ್ಕಾರಿ ಕಚೇರಿಗೆ ಹೋಗಿ, ಚರ್ಚ್ ಬಿಟ್ಟೆ ಅಂತ ಸಹಿ ಹಾಕಿ ಬರಬೇಕು. 2022ರ ಒಂದೇ ವರ್ಷದಲ್ಲಿ 5,22,821 ಕ್ಯಾಥೊಲಿಕರು ಬಿಟ್ಟರು. ದುಡ್ಡು ಉಳಿಸೋಕೆ ಅಂತ ನಮ್ಮವರು ಸುಮ್ನೆ ಹೇಳಿಬಿಡ್ತಾರೆ. ಪಾದ್ರಿಗಳು ಮಕ್ಕಳ ಮೇಲೆ ನಡೆಸಿದ ದೌರ್ಜನ್ಯ, ಅದನ್ನು ಮೇಲಿನವರು ಮುಚ್ಚಿಹಾಕಿದ್ದು, ಇದರಿಂದ ರೋಸಿಹೋದವರೂ ಬೇಕಾದಷ್ಟು ಜನ ಇದ್ದಾರೆ.

ಆಫೀಸಿನಲ್ಲಿ ನನ್ನ ಪಕ್ಕ ಕೂರುವವಳೂ ಬಿಟ್ಟವಳೇ. ಆದರೆ ಕ್ರಿಸ್‌ಮಸ್ ರಾತ್ರಿ ಅಮ್ಮನ ಜೊತೆ ಚರ್ಚಿಗೆ ಹೋಗಿ ಗಟ್ಟಿಯಾಗಿ ಹಾಡ್ತಾಳೆ. ತಂಗಿ ಮಗುವಿನ ಜ್ಞಾನಸ್ನಾನಕ್ಕೆ ಅವಳನ್ನು ಗಾಡ್‌ಮದರ್, ಅಂದರೆ ಧರ್ಮಮಾತೆ, ಆಗೋಕೆ ಬಿಡಲಿಲ್ಲ. ಬಿಟ್ಟವರಿಗೆ ಅದೂ ಇಲ್ಲ, ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ, ಪರಮಪ್ರಸಾದವೂ ಇಲ್ಲ ಅಂತ ಇಲ್ಲಿನ ಬಿಷಪ್‌ಗಳು 2012ರಲ್ಲಿ ಆದೇಶ ಮಾಡಿದ್ದಾರೆ. ಅವತ್ತು ಮುಖ ಸಪ್ಪಗೆ ಮಾಡಿಕೊಂಡು ಬಂದಳು. ನಂಬಿಕೆಯೇ ಇಲ್ಲ ಅನ್ನುವವಳಿಗೆ ಬೇಜಾರು ಯಾಕೆ ಆಗಬೇಕು, ಅಲ್ವಾ?

ನಮ್ಮ ಕನ್ನಡ ಮೇಷ್ಟ್ರು ಇಂಥ ಪ್ರಶ್ನೆಗಳಿಗೆ ಹೆಸರುವಾಸಿ. ಒಮ್ಮೆ ನಮ್ಮನ್ನೆಲ್ಲ ಶೆಟ್ಟಿಹಳ್ಳಿಗೆ ಕರೆದುಕೊಂಡು ಹೋಗಿದ್ದರು. ಫ್ರೆಂಚ್ ಮಿಷನರಿಗಳು ಕಟ್ಟಿದ ಚರ್ಚು, ಮಳೆಗಾಲದಲ್ಲಿ ಗೊರೂರು ಡ್ಯಾಮಿನ ಹಿನ್ನೀರು ಏರಿದರೆ ಅರ್ಧ ಮುಳುಗುತ್ತೆ, ಬೇಸಿಗೆಯಲ್ಲಿ ಒಳಗೇ ಓಡಾಡಬಹುದು. ನಾವು ಫೋಟೋ ಗಲಾಟೆಯಲ್ಲಿದ್ದೆವು. ಮೇಷ್ಟ್ರು ನನ್ನ ಕಡೆ ತಿರುಗಿ, “ಚರ್ಚು ಹೋದಮೇಲೆ ಆ ಜನ ಏನು ಮಾಡಿದ್ರಯ್ಯ?” ಅಂದರು. “ಬೇರೆ ಕಡೆ ಹೋಗಿ ನೆಲೆಸಿದ್ರು ಸರ್, ಅಲ್ಲೂ ಪೂಜೆ ಮಾಡಿಸ್ತಾರೆ” ಅಂದೆ. ಇಲ್ಲಿ ಸ್ಟಟ್‌ಗಾರ್ಟ್‌ನ ಚರ್ಚಿಗೆ ನೀರಿನ ಕಾಟ ಇಲ್ಲ. ಹೀಟರ್ ಇದೆ, ಆರ್ಗನ್ ಇದೆ. ಭಾನುವಾರ ಮುಂದಿನ ಎರಡು ಬೆಂಚು ತುಂಬಿದರೆ ಹೆಚ್ಚು, ಅದೂ ವಯಸ್ಸಾದವರು. ಫಾದರ್ ಕೇರಳದವರು.

ಕಳೆದ ರಜೆಯಲ್ಲಿ ಮೇಷ್ಟ್ರ ಮನೆಗೆ ಹೋಗಿ ಇದನ್ನೆಲ್ಲ ಹೇಳಿದೆ. “ನೀನು ಕಟ್ತಿದ್ದೀಯೇನಯ್ಯ?” ಅಂದರು.

“ಕಟ್ತಿದ್ದೀನಿ ಸರ್.”

“ನಂಬಿಕೆಗೋ, ಅಮ್ಮನ ಹೆದರಿಕೆಗೋ?”

ನಂಬಿಕೆ ಮೊದಲಿನ ಹಾಗಿಲ್ಲ ಅಂದೆ. ಅಮ್ಮ ನನ್ನ ಸಂಬಳದ ಚೀಟಿ ನೋಡೋದೂ ಇಲ್ಲ. ಆದರೆ ಅಲ್ಲಿ ಸಹಿ ಹಾಕಿ ಬಂದು, ಊರಲ್ಲಿ ಅಮ್ಮನ ಹಿಂದೆ ಸಾಲಿನಲ್ಲಿ ನಿಂತು ಪರಮಪ್ರಸಾದಕ್ಕೆ ಕೈ ಚಾಚೋದು ನನ್ನಿಂದ ಆಗಲ್ಲ ಸರ್, ಅದಕ್ಕೇ ಕಟ್ತಿದ್ದೀನಿ ಅಂದೆ.